ಬೀಗತಿಯರ ನಾಯಿ

ಉದಗೀರ
3 ಮಾರ್ಚ್ 2024

ಮಾಕಣಿಯ ಬೀಗತಿ ಶಿವಗಂಗಾಬಾಯಿಯವರಿಗೆ ಉದಗೀರದ ಗಿರಿಜಾಬಾಯಿಯ ಶರಣು.

ನೀವು ಫೋನು ಎತ್ತುವುದಿಲ್ಲ ಎಂದು ನಿಮ್ಮ ಮಗಳು ವೈಷ್ಣವಿ ಹೇಳಿದಳು. ಅದಕ್ಕೇ ಈ ಚೀಟಿ. ನಮ್ಮ ಅಂಗಡಿಯ ದನದ ಹಿಂಡಿ ಸಾಗಿಸುವ ಟೆಂಪೊ ಉಮರಗಾಕ್ಕೆ ಹೊರಟಿದೆ. ಡ್ರೈವರ ಭರತ ಸುತ್ತು ಹಾಕಿ ಮಾಕಣಿಗೆ ಬಂದು ನಮ್ಮ ನಾಯಿಯನ್ನು ನಿಮ್ಮ ಮನೆಯಲ್ಲಿ ಇಳಿಸಿ ಹೋಗುತ್ತಾನೆ. ನಿಮ್ಮ ಮಗ ನೀಲೇಶನಿಗೆ ವಿಷಯ ಗೊತ್ತಿದೆ.

ಇದು ನ್ಯೂಫೌಂಡ್‌ಲ್ಯಾಂಡ್ ಎಂಬ ಜಾತಿ. ಮಂಜು ಬೀಳುವ ಸಮುದ್ರದ ಸೀಮೆಯದು. ಅಲ್ಲಿ ಮೀನುಗಾರರ ಬಲೆ ಎಳೆಯುತ್ತಿತ್ತಂತೆ, ನೀರಿಗೆ ಬಿದ್ದವರನ್ನು ದಡಕ್ಕೆ ತರುತ್ತಿತ್ತಂತೆ. ನನ್ನ ಮಗ ಧೀರಜ ಮದುವೆಯಾದ ವರ್ಷ ಪುಣೆಯ ಗೆಳೆಯನ ಮನೆಯಿಂದ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಂದ. ಈಗ ಐವತ್ತೆಂಟು ಕಿಲೋ. ಅಂಗಡಿಯ ಕಾಟಾದ ಮೇಲೆ ನಿಲ್ಲಿಸಿ ತೂಗಿದ್ದೇವೆ. ಹೆಣ್ಣು. ಹೆಸರು ಜಾಮೂನು.

ಉದಗೀರದಲ್ಲಿ ನಮ್ಮ ಮನೆ ಅಂಗಡಿಯ ಮೇಲಿದೆ, ಪತ್ರಾಸು ತಗಡಿನ ಸೂರು. ಹೋದ ಬೇಸಿಗೆಯಲ್ಲಿ ಎರಡು ಸಲ ಅದು ಧಗೆಗೆ ಎಚ್ಚರ ತಪ್ಪಿ ಬಿತ್ತು. ಮೂರನೆಯ ಸಲ ಏಳಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಿಮ್ಮಲ್ಲಿ ಡ್ಯಾಮಿನ ಹಿನ್ನೀರಿದೆ, ಬೇವಿನ ನೆರಳಿದೆ. ಜೂನಿನಲ್ಲಿ ಮಿರಗದ ಮಳೆ ಬಿದ್ದ ಕೂಡಲೇ ಕರೆಸಿಕೊಳ್ಳುತ್ತೇವೆ.

ಧೀರಜ ತಿಳಿಸಲು ಹೇಳಿದ್ದು: ಹೊತ್ತೇರಿದ ಮೇಲೆ ಹೊರಗೆ ಬಿಡಬಾರದು. ನೀರಿನಿಂದ ಬಂದ ಮೇಲೆ ಕಿವಿಯ ಒಳಗೆ ಒಣಬಟ್ಟೆ ಹಾಕಿ ಒರೆಸಬೇಕು, ಇಲ್ಲದಿದ್ದರೆ ಕೀವು ಆಗುತ್ತದೆ. ಜೊಲ್ಲು ಬಹಳ, ಅದಕ್ಕೆ ಬೇರೆ ಟವೆಲು ಇಟ್ಟಿದ್ದೇನೆ. ಗೋಣಿತಟ್ಟು ನೆನೆಸಿ ಹಾಸಿದರೆ ಮಾತ್ರ ಮಲಗುತ್ತದೆ. ರೊಟ್ಟಿ ಮಜ್ಜಿಗೆಯಲ್ಲಿ, ಹಾಲಿನಲ್ಲಲ್ಲ. ಉಳಿದದ್ದನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಜೊತೆಗೆ ಎರಡು ಕ್ಯಾನು ಫಿಲ್ಟರ್ ನೀರು ಕಳಿಸಿದ್ದೇನೆ.

ಗಿರಿಜಾಬಾಯಿ


ಮಾಕಣಿ
11 ಮಾರ್ಚ್ 2024

ಉದಗೀರದ ಬೀಗತಿ ಗಿರಿಜಾಬಾಯಿಯವರಿಗೆ ಶಿವಗಂಗಾಬಾಯಿಯ ಶರಣು.

ನಿಮ್ಮ ಚೀಟಿ ತಲುಪಿತು, ನಾಯಿಯೂ ತಲುಪಿತು. ನಾಯಿ ಬರುತ್ತದೆ ಎಂದು ನೀಲೇಶ ನನಗೆ ಹೇಳಿದ್ದನಂತೆ. ಎಮ್ಮೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಭರತ ಟೆಂಪೊದ ಹಿಂದಿನ ಫಳಿ ಇಳಿಸಿದಾಗ ನಮ್ಮ ಎರಡು ಎಮ್ಮೆಗಳೂ ಎದ್ದು ನಿಂತವು, ಬಳಗದವರು ಬಂದರೆಂದು.

ನಿಮ್ಮ ಸೂಚನೆ ಎಣಿಸಿದೆ. ಹದಿನಾಲ್ಕು. ನನ್ನ ಮಗಳನ್ನು ನಿಮ್ಮ ಮನೆಗೆ ಕೊಟ್ಟಾಗ ನಾನು ಒಂದೇ ಮಾತು ಹೇಳಿ ಕಳಿಸಿದ್ದೆ, ಖಾರ ಆಗುವುದಿಲ್ಲ ಎಂದು. ಅದು ನಿಮಗೆ ನೆನಪಿದೆಯೋ ಇಲ್ಲವೋ ದೇವರೇ ಬಲ್ಲ.

ಬಿಡಿ. ನಾನು ಬರೆಯಬೇಕೆಂದದ್ದು ಆ ಕ್ಯಾನುಗಳ ಮಾತು. ಮದುವೆಯ ದಿನ ನಮ್ಮ ಅಂಗಳದಲ್ಲಿ ತಾಮ್ರದ ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ಹಿಡಿದು ನಾನು ನಿಮ್ಮ ಮುಂದೆ ನಿಂತಿದ್ದೆ. ನೀವು ಕೈಚೀಲದಿಂದ ನಿಮ್ಮ ಬಾಟಲಿ ತೆಗೆದು ಕುಡಿದಿರಿ. ಎರಡೂ ಕಡೆಯ ಬೀಗರು ನೋಡಿದರು. ಬಂದವರಿಗೆ ನೀರು ಕೊಡುವುದಕ್ಕಿಂತ ದೊಡ್ಡದು ನಮ್ಮ ಮನೆಯಲ್ಲಿ ಏನೂ ಇಲ್ಲ. ಅವತ್ತಿನಿಂದ ನಾನು ನಿಮ್ಮ ಹೊಸ್ತಿಲು ದಾಟಿಲ್ಲ, ನೀವು ನಮ್ಮದನ್ನು ದಾಟಿಲ್ಲ. ಮೂರು ವರ್ಷ ಆಯಿತು. ಹೋಗಲಿ, ಅದು ಮನುಷ್ಯರ ಜಗಳ. ನಾಯಿಗೂ ನಮ್ಮ ಮನೆಯ ನೀರು ಆಗುವುದಿಲ್ಲವೇನು?

ನಿಮ್ಮ ನೀರನ್ನು ಬಿಲ್ವಪತ್ರಿ ಗಿಡಕ್ಕೆ ಹಾಕಿದೆ. ಖಾಲಿ ಕ್ಯಾನು ಅಟ್ಟದ ಮೇಲಿವೆ. ನಿಮ್ಮ ನಾಯಿ ಇಳಿದ ಕೂಡಲೇ ಎಮ್ಮೆಯ ಬಾನಿಗೆ ಕುತ್ತಿಗೆಯವರೆಗೆ ತಲೆ ಹಾಕಿ ಕುಡಿಯಿತು, ಆಮೇಲೆ ಬಾನಿಯೊಳಗೇ ಕೂತಿತು. ಅದಕ್ಕೆ ನಿಮಗಿಂತ ಹೆಚ್ಚು ಮರ್ಯಾದೆ ಗೊತ್ತಿದೆ.

ಜಾಮೂನು ಎಂದು ಓಣಿಯಲ್ಲಿ ಕೂಗಲು ನನಗೆ ನಾಚಿಕೆ. ಕರಿ ಬಣ್ಣ ನೋಡಿ ಕರೆವ್ವ ಎಂದೆ. ಬಂದಳು.

ಶಿವಗಂಗಾಬಾಯಿ


ಉದಗೀರ
21 ಮಾರ್ಚ್ 2024

ಬೀಗತಿಯವರಿಗೆ ಶರಣು.

ಆ ನೀರು ಕುಡಿಯಲಿಕ್ಕಲ್ಲ. ದಾರಿಯಲ್ಲಿ ಜಾಮೂನಿನ ಮೈಮೇಲಿನ ಗೋಣಿತಟ್ಟು ನೆನೆಸಲಿಕ್ಕೆ. ಭರತನಿಗೆ ಹತ್ತು ಸಲ ಹೇಳಿದ್ದೆ. ಅವನು ನಿಲಂಗಾದಲ್ಲಿ ಚಹಾ ಕುಡಿಯುತ್ತ ಮರೆತ. ಅವನನ್ನು ಬೈದಿದ್ದೇನೆ.

ಮದುವೆ ದಿನದ ಮಾತು ಬೇಡ. ಅದಕ್ಕೆ ಕಾರಣ ಇತ್ತು.

ವೈಷ್ಣವಿಗೆ ಖಾರ ಆಗುವುದಿಲ್ಲ ಎಂದು ನನಗೆ ನೆನಪಿದೆ. ಮೂರು ವರ್ಷದಿಂದ ನಮ್ಮ ಮನೆಯಲ್ಲಿ ದಿನಾ ಎರಡು ಬೋಗುಣಿ ಪಲ್ಯ ಆಗುತ್ತದೆ, ಒಂದು ಅವಳಿಗೆ. ಅವಳು ನಿಮಗೆ ಹೇಳಿರಲಿಕ್ಕಿಲ್ಲ.

ನಾಯಿ ಹೇಗಿದೆ? ಹೊಸ್ತಿಲ ಮೇಲೆ ಗದ್ದ ಇಟ್ಟು ಮಲಗುತ್ತದೆಯೇ? ಧೀರಜ ಕೇಳುತ್ತಿದ್ದಾನೆ. ರೊಟ್ಟಿಯನ್ನು ಅದರ ಕಣ್ಣೆದುರಿಗೇ ಮುರಿಯಬೇಕು, ಮೊದಲೇ ಮುರಿದಿಟ್ಟರೆ ಮೂಸಿ ಬಿಡುತ್ತದೆ. ಇದನ್ನು ಬರೆಯಲು ನಾನು ಮರೆತಿದ್ದೆ. ಅಂದರೆ ಧೀರಜ ಮರೆತಿದ್ದ. ಕಾಲ್ಬೆರಳುಗಳ ನಡುವೆ ಬಾತುಕೋಳಿಗೆ ಇರುವಂತೆ ಪೊರೆ ಇದೆ, ನೋಡಿರಬಹುದು. ಅಲ್ಲಿ ಕೆಸರು ನಿಂತರೆ ಕುಂಟುತ್ತದೆ.

ಇನ್ನೊಂದು. ವಾರಕ್ಕೆ ನಾಲ್ಕು ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿದ್ದಾರೆ. ನಮ್ಮದು ಲಿಂಗಪೂಜೆಯ ಮನೆ, ಆ ಮಾತೇ ಎತ್ತುವಂತಿಲ್ಲ. ಧೀರಜ ಆಗಾಗ ಅದನ್ನು ಗೋದಾಮಿನ ಹಿಂದೆ ತಿರುಗಾಡಿಸಲು ಕರೆದೊಯ್ಯುತ್ತಿದ್ದ. ಯಾಕೆ ಎಂದು ನಾನು ಕೇಳಿಲ್ಲ.

ಗಿರಿಜಾಬಾಯಿ


ಮಾಕಣಿ
8 ಏಪ್ರಿಲ್ 2024

ಬೀಗತಿಯವರಿಗೆ ಶರಣು.

ನಾಳೆ ಯುಗಾದಿ. ಬೇವು-ಬೆಲ್ಲ ನಿಮ್ಮ ನಾಯಿಗೂ ಕೊಡುತ್ತೇನೆ, ಚಿಂತೆ ಬೇಡ.

ಎರಡು ಬೋಗುಣಿಯ ವಿಷಯ ನನಗೆ ಗೊತ್ತಿರಲಿಲ್ಲ. ಓದಿದೆ. ಎರಡು ಸಲ ಓದಿದೆ.

ನೀಲೇಶನಿಗೂ ಈಗ ವಾರಕ್ಕೆ ನಾಲ್ಕು ದಿನ ಡೇರಿಯ ಹಿಂದೆ ಅವಳನ್ನು ತಿರುಗಾಡಿಸುವ ಹುಕಿ ಬಂದಿದೆ. ನಾನೂ ಕೇಳಿಲ್ಲ.

ಅವಳ ಪರಾಕ್ರಮ ಕೇಳಿ. ಹೊತ್ತು ಹುಟ್ಟುವ ಮೊದಲೇ ಎಮ್ಮೆಗಳ ಜೊತೆ ಹಿನ್ನೀರಿಗೆ ಹೋಗುತ್ತಾಳೆ. ಈ ವರ್ಷ ನೀರು ಬಹಳ ಹಿಂದೆ ಸರಿದಿದೆ, ಅರ್ಧ ಮೈಲಿ ಕೆಸರು ದಾಟಬೇಕು. ನೀರು ಕಂಡರೆ ಸಾಕು, ಈ ದೊಡ್ಡ ಮೈ ಕರಗಿ ಹೋಗುತ್ತದೆ. ಹಿನ್ನೀರಿನಲ್ಲಿ ಆಚೆಗೆ ಈಜಿ, ಒಂದು ಕಟ್ಟಿಗೆ ಕಚ್ಚಿಕೊಂಡು ಬಂದು ನನ್ನ ಕಾಲ ಹತ್ತಿರ ಇಡುತ್ತಾಳೆ. ಒಲೆಗೆ ಕಟ್ಟಿಗೆ ಸಾಕಷ್ಟಾಗಿದೆ.

ನಮ್ಮ ಎಮ್ಮೆ ಕಾಯುವ ಕಾಶೆಪ್ಪ ನೀರಿಗೆ ಇಳಿದು ಮುಳುಗು ಹಾಕಿದ. ಅವನು ಮುಳುಗಿದ್ದೇ ತಡ, ಇವಳು ಹಾರಿ ಹೋಗಿ ಅವನ ತೋಳು ಹಿಡಿದು ದಡಕ್ಕೆ ಎಳೆದು ತಂದಳು. ಅವನು ಮತ್ತೆ ಹೋದ. ಮತ್ತೆ ತಂದಳು. ಮೂರನೆಯ ಸಲ ಕೈ ಮುಗಿದು, “ಅವ್ವಾ, ನಿಮ್ಮ ನಾಯಿಗಿ ಹೇಳ್ರಿ, ನಾ ಸಾಯ್ಲಕತ್ತಿಲ್ಲ, ಜಳಕಾ ಮಾಡ್ಲಕತ್ತೀನಿ!” ಅಂದ. ಈಗ ಮನೆಯಲ್ಲೇ ಚರಿಗೆಯಿಂದ ಮೈ ತೊಳೆದುಕೊಂಡು ಬರುತ್ತಾನೆ. ನೀರಿನಲ್ಲಿ ಮನುಷ್ಯನನ್ನು ಕಂಡರೆ ಅವಳಿಗೆ ಜೀವ ತಡೆಯುವುದಿಲ್ಲ. ಒಳ್ಳೆಯ ಗುಣವೇ. ಆದರೆ ಊರಿನ ಹೆಂಗಸರು ಬಟ್ಟೆ ಒಗೆಯಲು ಬೇರೆ ದಂಡೆ ಹುಡುಕಿಕೊಂಡಿದ್ದಾರೆ.

ಬಿಸಿಲು ಏರಿದೆ. ಹಬ್ಬ ಮುಗಿದ ಮೇಲೆ ಎಮ್ಮೆ ಬೋಳಿಸುವ ಸುನಿಲ ಬರುತ್ತಾನೆ. ನಮ್ಮಲ್ಲಿ ಬೇಸಿಗೆಗೆ ಎಮ್ಮೆಯ ಮೈ ಪೂರಾ ಬೋಳಿಸಿ ಎಣ್ಣೆ ತಿಕ್ಕುತ್ತೇವೆ. ಹೇನೂ ಹೋಗುತ್ತದೆ, ಮೈಯೂ ತಂಪಾಗುತ್ತದೆ. ಆ ಕೆಲಸ ಇದೆ, ಇಲ್ಲಿಗೆ ಮುಗಿಸುತ್ತೇನೆ.

ಶಿವಗಂಗಾಬಾಯಿ


ಉದಗೀರ
19 ಏಪ್ರಿಲ್ 2024

ಬೀಗತಿಯವರಿಗೆ ಶರಣು.

ಕಾಶೆಪ್ಪನ ಕಥೆಯನ್ನು ಊಟದ ಹೊತ್ತಿಗೆ ಓದಿ ಹೇಳಿದೆ. ನಮ್ಮ ಮನೆಯವರು ನಕ್ಕು ನಕ್ಕು ತುತ್ತು ಬಿಟ್ಟು ಎದ್ದರು.

ಈ ಚೀಟಿಯ ಜೊತೆ ಒಂದು ದೊಡ್ಡ ಬಾಚಣಿಗೆ ಕಳಿಸಿದ್ದೇನೆ. ಅಗಲ ಹಲ್ಲಿನದು, ಲಾತೂರಿನಿಂದ ತರಿಸಿದ್ದು. ಜಾಮೂನಿನ ಕೂದಲನ್ನು ದಿನಾ ಬಾಚಬೇಕು ಎಂದು ಬರೆದಿದ್ದೆನಲ್ಲ, ಒಂಬತ್ತನೆಯ ಸೂಚನೆ. ಬೇಸಿಗೆಯಲ್ಲಿ ಒಳಗಿನ ಉಣ್ಣೆ ಉದುರುತ್ತದೆ, ಅದನ್ನು ತೆಗೆಯದಿದ್ದರೆ ಗಂಟು ಕಟ್ಟುತ್ತದೆ. ಕಿವಿಯ ಹಿಂದಿನಿಂದ ಶುರು ಮಾಡಬೇಕು. ಹೊಟ್ಟೆಯ ಕಡೆ ಬಂದಾಗ ತಾನೇ ಅಂಗಾತ ಮಲಗುತ್ತದೆ, ಕಣ್ಣು ಮುಚ್ಚುತ್ತದೆ, ಒಂದು ಕಾಲು ಗಾಳಿಯಲ್ಲಿ ಆಡಿಸುತ್ತದೆ. ಮುಗಿಯಿತು ಎಂದು ಎದ್ದರೆ ಪಂಜದಿಂದ ಸೀರೆ ಹಿಡಿದು ಕೂರಿಸುತ್ತದೆ. ಬಾಚಿ ತೆಗೆದ ಉಣ್ಣೆಯಿಂದ ನಾನು ಒಂದು ತಲೆದಿಂಬು ತುಂಬಿದ್ದೇನೆ.

ಧೀರಜ ಹೇಳಿದ್ದನ್ನು ಬರೆದಿದ್ದೇನೆ.

ಗಿರಿಜಾಬಾಯಿ


ಮಾಕಣಿ
30 ಏಪ್ರಿಲ್ 2024

ಬೀಗತಿಯವರಿಗೆ ಶರಣು.

ಬಾಚಣಿಗೆ ಮುಟ್ಟಿತು. ಚೆಂದ ಇದೆ. ಬಾಚಲು ಈಗ ಅಷ್ಟು ಕಷ್ಟವಿಲ್ಲ.

ಎಲ್ಲರೂ ಚೆನ್ನಾಗಿದ್ದೇವೆ. ಭರತ ಅವಸರ ಮಾಡುತ್ತಿದ್ದಾನೆ.

ಶಿವಗಂಗಾಬಾಯಿ


ಉದಗೀರ
9 ಮೇ 2024

ಬೀಗತಿಯವರೇ,

ನಿಮ್ಮ ಚೀಟಿ ಮೂರು ಸಾಲು. ನೀವು ನನ್ನನ್ನು ಬೈಯುವಾಗಲೂ ಎರಡು ಪುಟ ಬರೆಯುತ್ತೀರಿ. ಏನಾಗಿದೆ?

ಭರತನನ್ನು ಕೇಳಿದೆ. ನಾಯಿ ಒಳಗೆ ಮಲಗಿತ್ತು, ನೋಡಲಿಲ್ಲ ಎಂದ. ಟೆಂಪೊದ ಸದ್ದು ಕೇಳಿದರೆ ಅದು ಮಲಗಿರುವ ನಾಯಿಯಲ್ಲ. ನಿನ್ನೆ ನೀಲೇಶನ ಫೋನಿಗೆ ವೈಷ್ಣವಿ ನಿಮಗೆ ವಿಡಿಯೊ ಕಾಲ್ ಮಾಡಿದ್ದಳು. “ಅವ್ವ ಛಲೋ ಅದಾಳ್ರಿ ಅತ್ತಿ. ಏನ್ ಕೇಳಿದ್ರೂ ನಗತಾಳ” ಎಂದಳು. ಜಾಮೂನನ್ನು ತೋರಿಸು ಎಂದು ಕೇಳಿದಳಂತೆ, ಅದಕ್ಕೂ ನೀವು ನಕ್ಕಿರಂತೆ.

ಇಷ್ಟು ದಿನ ಧೀರಜ ಕೇಳುತ್ತಾನೆ, ಧೀರಜ ಹೇಳುತ್ತಾನೆ ಎಂದು ಬರೆದೆ. ಧೀರಜನಿಗೆ ಅಂಗಡಿಯಿಂದ ತಲೆ ಎತ್ತಲು ಪುರಸತ್ತಿಲ್ಲ. ಕೇಳುತ್ತಿರುವವಳು ನಾನು. ತಲೆದಿಂಬಿನ ಮಾತು ಓದಿಯೇ ನಿಮಗೆ ತಿಳಿದಿರಬೇಕು.

ಮರಿಯಾಗಿ ಬಂದಾಗ ನಾನು ಅವಳನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡಲಿಲ್ಲ. ಆ ವರ್ಷ ನನಗೆ ಲಾತೂರಿನಲ್ಲಿ ಮೂತ್ರಪಿಂಡದ ಕಲ್ಲು ತೆಗೆಸಿದರು. ಮನೆಗೆ ಬಂದು ಹಾಸಿಗೆ ಹಿಡಿದೆ. ಎಲ್ಲರೂ ಬಂದು “ಹೆಂಗದ” ಎಂದು ಕೇಳಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಅವಳು ಏನೂ ಕೇಳಲಿಲ್ಲ, ಹೋಗಲೂ ಇಲ್ಲ. ಮಂಚದ ಪಕ್ಕ ಮಲಗಿ ನನ್ನ ಇಳಿಬಿಟ್ಟ ಕೈಯ ಕೆಳಗೆ ತಲೆ ತಂದು ಇಡುತ್ತಿದ್ದಳು. ಹದಿನೇಳು ದಿನ. ಆಮೇಲೆ ಹೊಸ್ತಿಲಿನ ಮಾತು ಮುಗಿಯಿತು.

ಈಗ ಆ ಬಾಟಲಿಯ ಮಾತನ್ನೂ ಹೇಳಿಬಿಡುತ್ತೇನೆ. ಮದುವೆಯ ದಿನವೂ ಆ ಕಲ್ಲು ಇತ್ತು. ಹೊರಗಿನ ನೀರು ಒಂದು ಹನಿ ಕುಡಿಯಬೇಡಿ ಎಂದು ಡಾಕ್ಟರು ಹೇಳಿದ್ದರು. ವರನ ತಾಯಿ ರೋಗಿಷ್ಠೆ ಎಂದು ಮಾತಾದೀತು, ಯಾರಿಗೂ ಹೇಳಬೇಡ ಎಂದು ನಮ್ಮ ಮನೆಯವರು ಹೇಳಿದ್ದರು. ಒಂದು ಗುಟುಕು ತುಟಿಗೆ ತಾಗಿಸಬಹುದಿತ್ತು. ತಾಗಿಸಲಿಲ್ಲ. ಕಲ್ಲು ನಿಜ, ಸೊಕ್ಕೂ ನಿಜ. ಪೇಟೆಯ ಮನೆಯವರು ಎಂಬ ಹಮ್ಮು ಅವತ್ತು ನನಗಿತ್ತು.

ನನ್ನದನ್ನು ಹೇಳಿದ್ದೇನೆ. ಈಗ ನೀವು ಹೇಳಿ. ನನ್ನ ಜಾಮೂನಿಗೆ ಏನಾಗಿದೆ?

ಗಿರಿಜಾ


ಮಾಕಣಿ
15 ಮೇ 2024

ಗಿರಿಜಾಬಾಯಿಯವರೇ,

ನಿಜ ಬರೆಯುತ್ತೇನೆ. ಮುಗಿಯುವವರೆಗೆ ಬೈಯಬೇಡಿರಿ. ಅವಳು ಬದುಕಿದ್ದಾಳೆ, ನಿನ್ನೆಯಿಂದ ಹೊಟ್ಟೆ ತುಂಬ ತಿನ್ನುತ್ತಿದ್ದಾಳೆ. ಇದನ್ನು ಮೊದಲು ಓದಿಕೊಳ್ಳಿ.

ಯುಗಾದಿಯಾದ ಮೂರನೆಯ ದಿನ ಸುನಿಲ ಬಂದು ಎರಡೂ ಎಮ್ಮೆಗಳನ್ನು ಬೋಳಿಸಿದ. ಕರೆವ್ವ ಅವುಗಳ ಪಕ್ಕಕ್ಕೆ ಬಂದು ನಿಂತಳು, ತನ್ನ ಪಾಳಿಗೆ ಕಾಯುವವಳ ಹಾಗೆ. ಅಷ್ಟು ಬಿಸಿಲು, ಅಷ್ಟು ಕೂದಲು, ನಾಲಿಗೆ ನೆಲಕ್ಕೆ ತಾಗುವ ಹಾಗೆ ಏದುತ್ತಿದ್ದಳು. ಇದಕ್ಕೂ ಬೋಳಿಸಲೇ ಎಂದು ಸುನಿಲ ಕೈ ಮಾಡಿ ಕೇಳಿದ. ಬೋಳಿಸು ಎಂದೆ. ನಲವತ್ತು ವರ್ಷ ಎಮ್ಮೆ ಸಾಕಿದವಳು ನಾನು. ನನಗೆ ಗೊತ್ತಿದೆ ಎಂದುಕೊಂಡೆ. ಎಣ್ಣೆಯನ್ನೂ ತಿಕ್ಕಿದೆ.

ಹತ್ತು ದಿನಕ್ಕೆ ಬೆನ್ನು ಕೆಂಪಾಗಿ ಬೊಬ್ಬೆ ಎದ್ದಿತು. ಆಮೇಲೆ ಬೊಬ್ಬೆ ಒಡೆದು ಕೀವು, ಜ್ವರ. ಲೋಹಾರಾದಿಂದ ದನದ ಡಾಕ್ಟರು ಬಂದರು. ನನ್ನ ನೆನಪಿಗೆ ಬರೆದುಕೊಡಿ ಎಂದು ನೆಪ ಹೇಳಿ ಚೀಟಿ ಬರೆಸಿಕೊಂಡೆ. ಅವಳ ಕೂದಲೇ ಅವಳ ನೆರಳು ಎಂದು ಅದರಲ್ಲಿತ್ತು. ಮೇಲಿನ ಪದರ ಬಿಸಿಲು ತಡೆಯುತ್ತದಂತೆ, ಒಳಗಿನದು ಧಗೆ ಒಳಕ್ಕೆ ಬಿಡುವುದಿಲ್ಲವಂತೆ. ನಾನು ಅವಳ ಸೂರನ್ನೇ ಕಿತ್ತು ಹಾಕಿದ್ದೆ. ಒಂಬತ್ತು ದಿನ ಮೇಲೇಳಲಿಲ್ಲ. ನಿಮ್ಮ ಬಾಚಣಿಗೆ ಬಂದದ್ದು ಆಗಲೇ. ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ದನದ ಕೊಟ್ಟಿಗೆಯಲ್ಲಿ ಅವಳ ಪಕ್ಕ ಕೂತು ಅತ್ತೆ. ಮಜ್ಜಿಗೆಯನ್ನು ಅಂಗೈಯಲ್ಲಿ ಕೊಟ್ಟೆ. ರೊಟ್ಟಿಯನ್ನು ಅವಳ ಕಣ್ಣೆದುರಿಗೇ ಮುರಿದೆ. ತೀರಿಹೋದ ನಮ್ಮ ಮನೆಯವರ ಧೋತರ ಹರಿದು ಅವಳಿಗೆ ಅಂಗಿ ಹೊಲಿದು ಹಾಕಿದ್ದೇನೆ.

ಇನ್ನೊಂದು ಮಾತನ್ನು ಯಾರಿಗೂ ಹೇಳಿಲ್ಲ.

ನನ್ನ ಕಿವಿ ಸ್ವಲ್ಪ ಮಂದ ಎಂದು ಎಲ್ಲರಿಗೂ ಗೊತ್ತು. ಮಂದ ಅಲ್ಲ, ಎರಡು ವರ್ಷದಿಂದ ಪೂರಾ ಹೋಗಿದೆ. ಅದಕ್ಕೇ ನಾನು ಫೋನು ಎತ್ತುವುದಿಲ್ಲ. ವಿಡಿಯೊದಲ್ಲಿ ಮಗಳ ಬಾಯಿ ಅಲ್ಲಾಡುವುದು ಕಾಣುತ್ತದೆ, ನಗುತ್ತೇನೆ. ಕಾಶೆಪ್ಪನ ಆ ಮಾತನ್ನೂ ನಾನು ಕೇಳಿದ್ದಲ್ಲ, ಅವನು ಕೈ ಮುಗಿದದ್ದು ನೋಡಿ ನಾನೇ ಸೇರಿಸಿ ಬರೆದದ್ದು. ನೀಲೇಶ ಡೇರಿಗೆ, ಸೊಸೆ ಕಾಜಲ ಸಾಸ್ತೂರಿನ ಶಾಲೆಗೆ ಬೆಳಿಗ್ಗೆ ಹೋದರೆ ಸಂಜೆ ಬರುತ್ತಾರೆ. ನನಗೆ ವಯಸ್ಸಿನ ಮುನಿಸು ಎಂದು ಅವರು ತಿಳಿದಿದ್ದಾರೆ. ಕರೆದರೂ ತಿರುಗುವುದಿಲ್ಲ, ಸೊಕ್ಕು ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಎಂದು ಬಿಟ್ಟೆ. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಅನ್ನಿಸಿತು.

ಇದನ್ನು ಮಕ್ಕಳು ಕಂಡುಹಿಡಿಯಲಿಲ್ಲ, ನಿಮ್ಮ ನಾಯಿ ನಾಲ್ಕೇ ದಿನಕ್ಕೆ ಕಂಡುಹಿಡಿಯಿತು. ಬಾಗಿಲಿಗೆ ಯಾರಾದರೂ ಬಂದರೆ ಬಂದು ನನ್ನ ತೊಡೆಗೆ ತಲೆಯಿಂದ ಗುದ್ದುತ್ತಾಳೆ. ಹಾಲು ಉಕ್ಕಿದರೆ ಗುದ್ದುತ್ತಾಳೆ. ಎಮ್ಮೆ ಹಗ್ಗ ಬಿಚ್ಚಿಕೊಂಡರೆ ಗುದ್ದುತ್ತಾಳೆ. ಈ ಎರಡು ತಿಂಗಳಲ್ಲಿ ಊರವರ ಜೊತೆ ನನ್ನ ಮಾತು ಎಷ್ಟೋ ಹೆಚ್ಚಾಗಿದೆ. ಯಾರು ಬಂದರೂ ತಿರುಗಿ ನೋಡುತ್ತೇನಲ್ಲ, ಎದುರಿಗಿದ್ದರೆ ತುಟಿ ನೋಡಿ ಅರ್ಧ ಊಹಿಸುತ್ತೇನೆ! ಅವಳು ಮಲಗಿದ್ದ ಒಂಬತ್ತು ದಿನ ಯಾರೂ ಗುದ್ದಲಿಲ್ಲ. ನೆರೆಮನೆಯ ಪ್ರೇಮಾಬಾಯಿ ಬಾಗಿಲಲ್ಲಿ ಕರೆದು ಕರೆದು ಸಿಟ್ಟಾಗಿ ಹೋದಳಂತೆ. ಆ ಒಂಬತ್ತು ದಿನ ನಾನು ಮತ್ತೆ ಕಿವುಡಿಯಾದೆ.

ಮಿರಗದ ಮಳೆ ಬಿದ್ದ ಕೂಡಲೇ ಕರೆಸಿಕೊಳ್ಳುತ್ತೇವೆ ಎಂದು ಬರೆದಿದ್ದಿರಿ. ಮೊನ್ನೆ ಪೂಜೆಗೆ ಕೂತಾಗ, ಈ ವರ್ಷ ಮಳೆ ಸ್ವಲ್ಪ ತಡವಾಗಲಿ ಎಂದು ಬೇಡಿಕೊಂಡೆ. ಒಕ್ಕಲುತನದ ಮನೆಯ ಹೆಂಗಸು ಬೇಡುವ ಮಾತೇ ಅದು? ಕೂಡಲೇ ಕೆನ್ನೆಗೆ ಬಡಿದುಕೊಂಡೆ. ಆದರೆ ಬೇಡಿಕೊಂಡದ್ದು ನಿಜ.

ಈಗ ಬೈಯಿರಿ.

ಶಿವಗಂಗಾ


ಉದಗೀರ
21 ಮೇ 2024

ಓದಿದೆ.

ಎಮ್ಮೆಯ ಹಾಗೆ ಬೋಳಿಸಿದಿರಿ. ಹದಿನಾಲ್ಕು ಸೂಚನೆ ಎಂದು ನಕ್ಕಿರಿ. ಬೋಳಿಸಬೇಡಿ ಎಂದು ಹದಿನೈದನೆಯದನ್ನು ನಾನು ಬರೆಯಲಿಲ್ಲ. ನಾಯಿಯನ್ನು ಯಾರಾದರೂ ಬೋಳಿಸಿಯಾರು ಎಂದು ನನಗೆ ಹೊಳೆಯಬೇಕಲ್ಲ! ಮೂರು ವಾರ ಮುಚ್ಚಿಟ್ಟಿರಿ. ಅವಳು ಹೋಗಿಬಿಟ್ಟಿದ್ದರೆ ನಾನು ಆ ಬಾಚಣಿಗೆಯ ಕನಸು ಕಾಣುತ್ತ ಕೂತಿರುತ್ತಿದ್ದೆ.

ನಿಮ್ಮ ಕಿವಿಯ ಮಾತು ಆಮೇಲೆ. ಭಾನುವಾರ ಜೀಪು ಮಾಡಿಕೊಂಡು ನಾನೇ ಬರುತ್ತೇನೆ. ಹಗ್ಗ ತರುತ್ತೇನೆ.

ಗಿರಿಜಾಬಾಯಿ


ಉದಗೀರ
28 ಮೇ 2024

ಶಿವಗಂಗಾಬಾಯಿಯವರೇ,

ಮೊನ್ನೆ ನಿಮ್ಮಲ್ಲಿ ನಾನು ಮಾತಾಡಲಿಲ್ಲ. ಆಡಿದ್ದರೂ ನಿಮಗೆ ಕೇಳಿಸುತ್ತಿರಲಿಲ್ಲ. ಆದ್ದರಿಂದ ಬರೆಯುತ್ತೇನೆ.

ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡು ಬಂದಿದ್ದೆ. ಜೀಪಿನವನು ನಿಮ್ಮ ಅಂಗಳದಲ್ಲಿ ಮೂರು ಸಲ ಹಾರ್ನ್ ಹೊಡೆದ. ನೀವು ಪಡಸಾಲೆಯಲ್ಲಿ ನಮಗೆ ಬೆನ್ನು ಮಾಡಿ ರೊಟ್ಟಿಯ ಹಿಟ್ಟು ನಾದುತ್ತಿದ್ದಿರಿ. ತಿರುಗಲಿಲ್ಲ. ನಿಮ್ಮ ಚೀಟಿ ಓದಿ ಬಂದವಳಿಗೂ ಒಂದು ಗಳಿಗೆ, “ನೋಡು ಸೊಕ್ಕು” ಅನ್ನಿಸಿತು. ಅದಕ್ಕೆ ನನ್ನನ್ನು ಕ್ಷಮಿಸಿ.

ನಿಮ್ಮ ಪಕ್ಕ ಅವಳು ಮಲಗಿದ್ದಳು. ಧೋತರದ ಅಂಗಿಯಲ್ಲಿ, ಮದುವೆಗೆ ಹೊರಟ ಹಿರಿಯರ ಹಾಗೆ. ತಲೆ ಎತ್ತಿ ನನ್ನನ್ನು ಕಂಡಳು. ಗುರುತು ಹಿಡಿದಳು, ಬಾಲ ನೆಲಕ್ಕೆ ಬಡಿಯಿತು, ಕುಂಯ್ ಎಂದಳು. ನಾನು ಎರಡೂ ಕೈ ಚಾಚಿದೆ. ಆದರೆ ಮೊದಲು ನನ್ನ ಕಡೆ ಬರಲಿಲ್ಲ. ಮೊದಲು ನಿಮ್ಮ ತೊಡೆಗೆ ಗುದ್ದಿದಳು. ನೀವು ತಿರುಗಿದ್ದನ್ನು ನೋಡಿ ಖಾತ್ರಿ ಮಾಡಿಕೊಂಡು ಆಮೇಲೆ ನನ್ನ ಕಡೆ ಓಡಿ ಬಂದಳು.

ಮೂರು ತಿಂಗಳು ನನ್ನನ್ನು ಕಾಣದಿದ್ದವಳು, ಕಂಡಾಗಲೂ ಮೊದಲು ತನ್ನ ಕೆಲಸ ಮುಗಿಸಿದಳು. ನನ್ನ ಜಗಳ ಅಲ್ಲಿಗೇ ನಿಂತಿತು.

ಆಮೇಲೆ ನಾನು ಬಿಸಿಲಲ್ಲಿ ನಿಂತೇ ಇದ್ದೆ. ನಿಮ್ಮ ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಅವಳು ನನ್ನ ಮಣಿಕಟ್ಟು ಹಿಡಿದು ಒಳಗೆ ಎಳೆದಳು. ಹಲ್ಲು ಒಂದಿಷ್ಟೂ ನಾಟಲಿಲ್ಲ. ಕಾಶೆಪ್ಪನಿಗೆ ಹೇಗಾಗಿರಬೇಕು ಎಂದು ಈಗ ಗೊತ್ತಾಯಿತು.

ಏನು ಹೇಳಲಿ, ಹೇಗೆ ಹೇಳಲಿ ಎಂದು ತಿಳಿಯದೆ ಪರಾತಿನ ಅಂಚಿನ ಒಣಹಿಟ್ಟಿನಲ್ಲಿ ಬೆರಳಿನಿಂದ “ನೀರು” ಎಂದು ಬರೆದೆ. ನೀವು ಓದಿದಿರಿ. ಎದ್ದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಸದ್ದಿಲ್ಲದೆ ಅಳುತ್ತಿದ್ದೇನೆ ಎಂದು ನೀವು ತಿಳಿದಿರಬೇಕು. ನಿಮ್ಮ ಅಳು ನಿಮಗೆ ಕೇಳಿಸುವುದಿಲ್ಲ ಶಿವಗಂಗಾಬಾಯಿ, ಹೊರಗೆ ಕೂತ ನನಗೆ ಕೇಳಿಸುತ್ತದೆ.

ಅದೇ ತಾಮ್ರದ ತಂಬಿಗೆ ತಂದಿರಿ. ಬೆಲ್ಲವನ್ನೂ ತಂದಿರಿ. ಪೂರಾ ಕುಡಿದೆ.

ಹಗ್ಗವನ್ನು ಚೀಲದಿಂದ ತೆಗೆಯಲಿಲ್ಲ. ಅವಳು ನಿಮ್ಮಲ್ಲೇ ಇರಲಿ. ದೊಡ್ಡ ಮನಸ್ಸು ಮಾಡಿ ಬರೆಯುತ್ತಿಲ್ಲ. ನಿಲಂಗಾ ದಾಟುವವರೆಗೆ ಅತ್ತೆ. ಮನೆಗೆ ಬಂದು ಆ ತಲೆದಿಂಬನ್ನು ಕಪಾಟಿನಲ್ಲಿ ಇಟ್ಟೆ, ಮತ್ತೆ ತೆಗೆದೆ. ಇನ್ನೂ ರೊಟ್ಟಿ ಬಡಿಯುವಾಗ ಒಂದು ಹೆಚ್ಚು ಬಡಿಯುತ್ತೇನೆ. ಆದರೆ ನನಗೆ ಅವಳಿಲ್ಲದಿದ್ದರೆ ಬೇಸರ ಅಷ್ಟೇ. ನಿಮಗೆ ಅವಳಿಲ್ಲದಿದ್ದರೆ ಬಾಗಿಲಿಗೆ ಯಾರೂ ಬರುವುದಿಲ್ಲ.

ರೋಗ ಇದೆ ಎಂದು ಹೇಳುವ ಬದಲು ಸೊಕ್ಕಿನವಳು ಅನ್ನಿಸಿಕೊಂಡೆ ನಾನು. ನೀವೂ ಅದನ್ನೇ ಮಾಡಿದಿರಿ. ನಾವು ಬೀಗತಿಯರಾದದ್ದು ಸರಿಯಾಗಿಯೇ ಇದೆ. ನಿಮ್ಮ ಕಿವಿಯ ವಿಷಯ ವೈಷ್ಣವಿಗೆ ನಾನು ಹೇಳಿಲ್ಲ. ಪಂಚಮಿಯೊಳಗೆ ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ. ಇದು ಹದಿನೈದನೆಯ ಸೂಚನೆ.

ಗಿರಿಜಾ


ಉದಗೀರ
14 ಜುಲೈ 2024

ಶಿವಗಂಗಾಬಾಯಿಯವರೇ,

ಮಳೆ ಚೆನ್ನಾಗಿ ಹಿಡಿದಿದೆ. ಭರತ ನಾಲ್ಕು ಸಲ ಬರಿಗೈಯಲ್ಲಿ ಬಂದ. ನನ್ನ ಚೀಟಿಯಲ್ಲಿ ಏನಾದರೂ ತಪ್ಪಾಯಿತೇ? ಅವಳು ಚೆನ್ನಾಗಿದ್ದಾಳೆ ಎಂದು ಒಂದು ಸಾಲು ಬರೆದರೂ ಸಾಕು.

ಗಿರಿಜಾ


ಮಾಕಣಿ
6 ಆಗಸ್ಟ್ 2024

ಗಿರಿಜಾಬಾಯಿಯವರೇ, ಶರಣು.

ಎರಡು ತಿಂಗಳು ಬರೆಯಲಿಲ್ಲ. ಏನು ಬರೆದರೂ ಉಪಕಾರ ನೆನೆದ ಹಾಗೆ ಆಗುತ್ತಿತ್ತು. ಬೀಗತಿಯ ಉಪಕಾರ ನೆನೆದು ನನಗೆ ರೂಢಿಯಿಲ್ಲ. ಹರಿದು ಹಾಕಿದ ಚೀಟಿಗಳು ಏಳು.

ಕೂದಲು ಬರುತ್ತಿದೆ. ಮೊದಲು ಬೂದಿಬಣ್ಣದ ಉಣ್ಣೆ ಬಂತು, ಈಗ ಅದರ ಮೇಲೆ ಕರಿ ಕೂದಲು ಎರಡು ಬೆರಳು ಉದ್ದ. ಗಾಯದ ಜಾಗದಲ್ಲಿ ಒಂದು ಬಿಳಿ ಪಟ್ಟೆ ಉಳಿದಿದೆ, ಅದು ಹೋಗುವುದಿಲ್ಲವಂತೆ. ಅದನ್ನು ಕಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಬಾಚಣಿಗೆ ಈಗ ಕೆಲಸಕ್ಕೆ ಬಂದಿದೆ. ಕಿವಿಯ ಹಿಂದಿನಿಂದ ಶುರು ಮಾಡುತ್ತೇನೆ.

ಮಕ್ಕಳಿಗೆ ಹೇಳಿದೆ. ನೀಲೇಶ ಸಿಟ್ಟಾದ, ಆಮೇಲೆ ಕೊಟ್ಟಿಗೆಗೆ ಹೋಗಿ ಅತ್ತ. ವೈಷ್ಣವಿ ವಿಡಿಯೊದಲ್ಲಿ ಅತ್ತದ್ದನ್ನು ನೀವೇ ನೋಡಿರುತ್ತೀರಿ. ಕಾಜಲ ಶಾಲೆಯಿಂದ ಪಾಟಿ ತಂದಿದ್ದಾಳೆ, ಅದರ ಮೇಲೆ ಬರೆದು ಮಾತಾಡುತ್ತಾಳೆ. ಅವಳದು ಮರಾಠಿ ಅಕ್ಷರ, ನನ್ನದು ಬೀದರ ಸೀಮೆಯ ಕನ್ನಡ ಶಾಲೆಯ ಅಕ್ಷರ, ಹೇಗೋ ನಡೆಯುತ್ತದೆ. ಸೋಲಾಪುರದಲ್ಲಿ ಕಿವಿಗೆ ಮಿಶಿನ್ ಹಾಕಿಸಿದರು. ಬೋಗುಣಿ ಬಿದ್ದರೆ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಕರೆವ್ವನ ನೌಕರಿ ಹೋಗಿಲ್ಲ.

ಶುಕ್ರವಾರ ಪಂಚಮಿ. ತಂಗಿಯನ್ನು ತವರಿಗೆ ಕರೆಯಲು ನೀಲೇಶ ನಿಮ್ಮಲ್ಲಿಗೆ ಬಂದಿದ್ದಾನೆ, ಈ ಚೀಟಿ ಅವನ ಕೈಯಲ್ಲಿದೆ. ಅವನ ಜೊತೆ ಇನ್ನೊಬ್ಬಳೂ ಬಂದಿದ್ದಾಳೆ, ಕೆಳಗೆ ಜೀಪಿನಲ್ಲಿ. ಈಗಾಗಲೇ ಮೆಟ್ಟಿಲು ಹತ್ತಿ ಬಂದಿದ್ದರೆ ಓದುವುದನ್ನು ನಿಲ್ಲಿಸಿ, ಆಮೇಲೆ ಓದಿರಿ.

ಶ್ರಾವಣ ಮುಗಿಯುವವರೆಗೆ ವೈಷ್ಣವಿ ನನ್ನಲ್ಲಿರಲಿ, ಕರೆವ್ವ ನಿಮ್ಮಲ್ಲಿರಲಿ. ಮಗಳಿರುವಷ್ಟು ದಿನ ನನ್ನನ್ನು ಗುದ್ದಲು ಬೇರೆಯವರು ಬೇಕಿಲ್ಲ. ಪ್ರತಿ ವರ್ಷವೂ ಹೀಗೇ ಆಗಲಿ. ಶ್ರಾವಣ ತೀರಿದ ಮೇಲೆ ಇಬ್ಬರನ್ನೂ ಅವರವರ ಮನೆ ಸೇರಿಸಲು ನೀವೇ ಬರಬೇಕು. ಭರತನ ಜೊತೆ ಕಳಿಸಿದರೆ ಆಗುವುದಿಲ್ಲ, ಹೆಣ್ಣುಮಕ್ಕಳ ವಿಷಯ.

ಹೊರಡುವಾಗ ಅವಳಿಗೆ ಉಡಿ ತುಂಬಿದ್ದೇನೆ. ಹಸಿರು ಕುಪ್ಪಸದ ಕಣದ ಗಂಟಿನಲ್ಲಿ ಜೋಳ, ಅರಿಶಿನದ ಕೊಂಬು, ಕೊಬ್ಬರಿ ಬಟ್ಟಲು ಕಟ್ಟಿ ಕುತ್ತಿಗೆಗೆ ಹಾಕಿದ್ದೇನೆ. ಕೊಬ್ಬರಿಯನ್ನು ನಿಲಂಗಾದಲ್ಲೇ ತಿಂದಿರುತ್ತಾಳೆ.

ಅಟ್ಟದ ಮೇಲಿದ್ದ ನಿಮ್ಮ ಎರಡು ಕ್ಯಾನುಗಳನ್ನು ತಿಕ್ಕಿ ತೊಳೆದು ತುಂಬಿ ಕಳಿಸಿದ್ದೇನೆ. ನಮ್ಮ ಬಾವಿಯ ನೀರು. ನಿಮಗೆ ಮತ್ತೆ ಕಲ್ಲು ಆಗಬಾರದೆಂದು ಕಾಜಲ ಡಾಕ್ಟರರನ್ನು ಕೇಳಿ ಬಂದಳು, ಅವರು ಹೇಳಿದ ಹಾಗೆ ಕಾಸಿ, ಆರಿಸಿ, ಸೋಸಿದ್ದೇನೆ. ಅದನ್ನು ನಾಯಿಯ ಗೋಣಿತಟ್ಟಿಗೆ ಹಾಕಬೇಡಿರಿ. ಅದು ನಿಮಗೆ ಕುಡಿಯಲಿಕ್ಕೆ.

ಶಿವಗಂಗಾ